ಮಾವ ಮತ್ತು ಆ ಸೂಜಿಮದ್ದು

ನನ್ನ ಸೋದರಮಾವನ ಮುಂಗೈ ನನ್ನ ಮೀನಖಂಡದಷ್ಟು ದಪ್ಪ. ಬೆರಳ ಸಂದಿಯಲ್ಲಿ ಸದಾ ಕಾಯಿನಾರು. ದಬ್ಬೇಘಟ್ಟದ ಹತ್ತಿರ ಸ್ವಂತ ತೆಂಗಿನ ತೋಟವಿದ್ದರೂ ಕಾಯಿ ಸುಲಿಯುವುದನ್ನು ಆಳುಗಳಿಗೇ ಬಿಟ್ಟವರಲ್ಲ. ನೆಲಕ್ಕೆ ನೆಟ್ಟ ಸಲಾಕೆಗೆ ಕಾಯಿ ಕುಕ್ಕಿ, ತಿರುಚಿ, ಸಿಪ್ಪೆ ಕಿತ್ತೆಸೆಯುವುದರಲ್ಲಿ ಸುತ್ತಲ ಹಳ್ಳಿಗಳಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅಮ್ಮನನ್ನೂ ಕರೆತಂದು ಮನೆಯಲ್ಲಿಟ್ಟುಕೊಂಡವರು ಅವರು. ನಾನು ಡಿಗ್ರಿಗೆ ಸೇರುತ್ತೇನೆಂದಾಗ ನೆಂಟರೆಲ್ಲ ಜಗಲಿಯ ಮೇಲೆ ಕೂತು ಪಂಚಾಯ್ತಿ ಮಾಡಿದರು. ಮಾವ ಆಡಿದ್ದು ಒಂದೇ ಮಾತು: "ಅವ್ಳು ಓದ್ತಾಳೆ. ನಿಮ್ಗ್ಯಾಕೆ ಹೊಟ್ಟೆನೋವು?" ಮರುದಿನ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ತಿಪಟೂರಿಗೆ ಹೋಗಿ ಕಾಲೇಜಿಗೆ ಸೇರಿಸಿಯೇ ಬಂದರು. ಇವತ್ತು ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರೆ ಅದು ಅವರ ಋಣ.

ಅಂಥ ಮನುಷ್ಯನನ್ನು ಒಬ್ಬ ಜಿಮ್ಮಿನವನು ಕೊಂದ. ಹೌದು, ಕೊಂದ ಎಂದೇ ಬರೆಯುತ್ತೇನೆ.

ಅರವತ್ತು ದಾಟಿದ ಮೇಲೆ ಒಂದು ದಿನ ಮಾವ ಸಲಾಕೆಗೆ ಕುಕ್ಕಿದ ಕಾಯಿ ತಿರುಗಲೇ ಇಲ್ಲ. ಆಳುಗಳು ನಕ್ಕರು. ವಯಸ್ಸಾಯಿತು ಎಂದು ಒಪ್ಪಿಕೊಂಡಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಮಾವ ಒಪ್ಪಲಿಲ್ಲ. ಯಾರೋ ಹೇಳಿದರೆಂದು ಆ ಜಿಮ್ಮಿನವನ ಹತ್ತಿರ ಹೋದರು. ಅವನು ಪುಟ್ಟ ಸೀಸೆಗಳಲ್ಲಿ ಬಿಳಿ ಪುಡಿ ಕೊಟ್ಟ. ಪೆಪ್ಟೈಡ್ ಅಂತೆ. ನೀರು ಬೆರೆಸಿ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರೆ ಮಿದುಳಿನ ಬುಡದ ಗ್ರಂಥಿ ಎಚ್ಚೆತ್ತು ಬೆಳವಣಿಗೆಯ ಹಾರ್ಮೋನನ್ನು ತಾನೇ ಬಿಡುತ್ತದಂತೆ, ಕಸುವು ಮರಳುತ್ತದಂತೆ. ಡಾಕ್ಟರ ಚೀಟಿಯಿಲ್ಲ, ಪರೀಕ್ಷೆಯಿಲ್ಲ, ಮಣ್ಣಿಲ್ಲ ಮಸಿಯಿಲ್ಲ.

ನಾನು ಕೂಗಾಡಿದೆ. ಮಾವ ಅಟ್ಟದ ಕಡೆ ಕೈ ತೋರಿಸಿದರು. ನಮ್ಮಲ್ಲಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ ಅದು ತಾನಾಗಿ ಉಂಡೆ ಕೊಬ್ಬರಿಯಾಗುತ್ತದೆ.

"ಅದ್ಕೆ ಹೊರಗಿಂದ ಏನಾದ್ರೂ ಹಾಕ್ತೀವಾ? ಇದೂ ಅಂಗೇ ಕಣವ್ವ. ನನ್ ಮೈಯೇ ನಂಗೆ ಕೊಡ್ತದೆ, ಬುಡು."

"ಕಾಯಿಗೆ ಯಾರೂ ಸೂಜಿ ಚುಚ್ಚಲ್ಲ ಮಾವ," ಅಂದೆ. ನಕ್ಕುಬಿಟ್ಟರು.

ಪುಡಿಯ ಜೊತೆ ಕೊಟ್ಟಿದ್ದ ನೀರು ಮುಗಿಯಿತು. ಫೋನು ಮಾಡಿದರೆ ಆ ಪುಣ್ಯಾತ್ಮ ಹೇಳಿದ್ದು: "ಯಾವ್ದಾದ್ರೂ ಶುದ್ಧವಾದ ನೀರು ನಡೀತದೆ ಯಜಮಾನ್ರೇ." ತೆಂಗಿನ ಸೀಮೆಯ ಮನುಷ್ಯನಿಗೆ ಶುದ್ಧವಾದ ನೀರು ಅಂದರೆ ಇನ್ಯಾವುದು? ಯಾರ ಕೈಯೂ ತಾಗದ, ದೇವರೇ ಮುಚ್ಚಿಟ್ಟ ನೀರು ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬೆಳೆದವರು ನಾವು. ಮಾವ ಎಳನೀರು ಕೆತ್ತಿ, ಸಿರಿಂಜಿನಲ್ಲಿ ಎಳೆದು, ಪುಡಿಗೆ ಬೆರೆಸಿ ಚುಚ್ಚಿಕೊಂಡರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೊಟ್ಟೆ ಕೆಂಪಾಗಿ ಬಾತು ಕೀವು ತುಂಬಿತು. ಅದಕ್ಕೂ ಅರಿಶಿನ ಹಚ್ಚಿಕೊಂಡು ಸುಮ್ಮನಿದ್ದರು. ನಮಗೆ ಗೊತ್ತಾಗಿ ತುಮಕೂರಿನ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ಏನು ಬೆರೆಸಿದಿರಿ ಎಂದು ಡಾಕ್ಟರು ಕೇಳಿದಾಗ ಆ ಜ್ವರದಲ್ಲೂ ಮಾವನಿಗೆ ಹೆಮ್ಮೆ: "ನಮ್ ತೋಟದ್ದೇ ಸಾರ್. ಆಗ್ತಾನೆ ಕಿತ್ತ ಎಳನೀರು."

"ಕುಡಿಯೋದು ಬೇರೆ, ಚುಚ್ಚಿಕೊಳ್ಳೋದು ಬೇರೆ ಯಜಮಾನ್ರೇ," ಅಂದು ಡಾಕ್ಟರು ನನ್ನ ಮುಖ ನೋಡಿದರು. ಮಾವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈಯಲು ಬಾಯಿ ತೆರೆದರೆ ಅಳು ಬಂತು. ಅವರು ಮನೆಗೆ ಮರಳಲಿಲ್ಲ.

ಮಾವನ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆಯ ಊಟಕ್ಕೆ ಆ ಜಿಮ್ಮಿನವನೂ ಬಂದ. ಪಂಕ್ತಿಯಲ್ಲಿ ಕೂತು, ಪಾಯಸ ಮತ್ತೆ ಹಾಕಿಸಿಕೊಂಡು ಉಂಡ. ಕೈ ತೊಳೆದು ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಯಜಮಾನ್ರುದು ಸೀಸೆ ಉಳ್ದಿದ್ರೆ ಕೊಡಕ್ಕ. ಇನ್ನೊಬ್ರು ಕೇಳ್ತಾವ್ರೆ."

ಒಳಗೆ ಹೋಗಿ ಸೀಸೆಗಳನ್ನು ತಂದೆ. ಅವನು ಕೈ ಚಾಚಿದ. ಬಂದ ಜನರೆಲ್ಲರ ಎದುರಿಗೇ ಅಷ್ಟೂ ಸೀಸೆಗಳನ್ನು ಅಂಗಳದ ಕಲ್ಲಿಗೆ ಅಪ್ಪಳಿಸಿದೆ. ಬಾಯಿಗೆ ಬಂದಂತೆ ಬೈಯತೊಡಗಿದೆ.

"ಉಣ್ಣೋಕೆ ಬಂದೋರ್ನ ಬೈಬಾರ್ದು ಕಣವ್ವ," ಅಂದರು ಹಿರಿಯರೊಬ್ಬರು. ಮಾವ ಇದ್ದಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು, ನಾನೂ ಸುಮ್ಮನಾಗುತ್ತಿದ್ದೆ. ಮಾವ ಇರಲಿಲ್ಲ. ಅವನು ರಸ್ತೆ ಸೇರುವವರೆಗೂ ಬೈದೆ.