ಬೋರಲಿಟ್ಟ ಡಿವಿಡಿ

ಬೀದಿ ಕೊನೆಯ ದರ್ಜಿಗೆ ಅಳಿಸುವ ಸಿನಿಮಾ ಅಂದರೆ ಪ್ರಾಣ. ಅವನ ಅಂಗಡಿಯ ಕಪಾಟಿನಲ್ಲಿ ದಾರದ ರೀಲುಗಳಿಗಿಂತ ಡಿವಿಡಿಗಳೇ ಜಾಸ್ತಿ. ಪಕ್ಕದಂಗಡಿಯ ಎಲೆಕ್ಟ್ರಿಷಿಯನ್ ಕೂಡಿಟ್ಟಿದ್ದೆಲ್ಲ ಬರೀ ಹೊಡೆದಾಟದ್ದು. ಪ್ರತಿ ಭಾನುವಾರ ಇಬ್ಬರೂ ಒಂದೊಂದು ಡಿವಿಡಿ ತಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೋರಲಾಗಿ ಇಡುತ್ತಿದ್ದರು. ಎರಡನ್ನೂ ಒಟ್ಟಿಗೆ ತಿರುಗಿಸಿದ ಮೇಲೆ, ಯಾವುದನ್ನು ನೋಡಬೇಕೆಂದು ಜಗಳ ಶುರು.

“ಏನಯ್ಯಾ ಕಣ್ಣೀರಪ್ಪ, ಈ ವಾರ ಯಾರನ್ನ ಸಾಯಿಸ್ತೀಯ?”

“ನಿನ್ನ ಹೀರೋ ಸಾಯಿಸಿದಷ್ಟು ಜನರನ್ನಲ್ಲ ಬಿಡು.”

ಎಷ್ಟೋ ಸಲ ಜಗಳದಲ್ಲೇ ಸಂಜೆಯಾಗಿ, ಸಿನಿಮಾ ನೋಡುವುದೇ ತಪ್ಪಿಹೋಗುತ್ತಿತ್ತು.

ಹೋದ ತಿಂಗಳು ಎಲೆಕ್ಟ್ರಿಷಿಯನ್ ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟುಹೋದ. ದರ್ಜಿ ಫೋನ್ ಮಾಡಿದರೆ, “ಆ ಡಿವಿಡಿ ಎಲ್ಲಾ ಗುಜರಿಗೆ ಹಾಕಿಬಿಟ್ಟೆ ಕಣೋ. ಈಗ ಮೊಬೈಲಲ್ಲೇ ಎಲ್ಲಾ ಸಿಗುತ್ತಲ್ಲ” ಅಂದ.

“ಹಾಳಾಗಿ ಹೋಗು” ಎಂದು ದರ್ಜಿ ಫೋನಿಟ್ಟ.

ಈ ಭಾನುವಾರ ಅವನು ಮೇಜಿನ ಮೇಲೆ ತನ್ನದೊಂದು ಡಿವಿಡಿ ಬೋರಲಿಟ್ಟ. ಆಮೇಲೆ ಕಣ್ಣು ಮುಚ್ಚಿಕೊಂಡು ಕಪಾಟಿನಿಂದ ಇನ್ನೊಂದನ್ನು ಎಳೆದು ಗೆಳೆಯನ ಜಾಗದಲ್ಲಿಟ್ಟ. ಗಂಟಲು ಸರಿಮಾಡಿಕೊಂಡು ಎರಡನ್ನೂ ತಿರುಗಿಸಿದ.

ಎರಡೂ ಅವನಿಗೆ ತುಂಬಾ ಇಷ್ಟದವು. ಬೈಯಲು ಏನೂ ಸಿಗಲಿಲ್ಲ.