ಹಾಲನ್ ಮುಟ್ಟದ ನೀರು

ಬೆಟ್ಟದ ಮೇಲಿನ ಬಡಗರ ಹಾಲನ್‌ನಂಥ ಹಟಮಾರಿಯನ್ನು ಈ ಮಸಿನಗುಡಿಯಲ್ಲಿ ನಾನು ಇನ್ನೊಬ್ಬನನ್ನು ಕಂಡಿಲ್ಲ. ಬೆಟ್ಟದ ಮೇಲೆ ಹಿಮ ಬಿದ್ದು ಹುಲ್ಲು ಕರಕಲಾಗುವ ಕಾಲಕ್ಕೆ ಗೊಡ್ಡೆಮ್ಮೆಗಳನ್ನು ಹೊಡೆದುಕೊಂಡು ಇಳಿಯುತ್ತಿದ್ದ, ನಮ್ಮ ಹೊಲದ ಮಗ್ಗುಲಲ್ಲೇ ದೊಡ್ಡಿ, ಗುಡಿಸಲು ಹಾಕುತ್ತಿದ್ದ. ಒಳ್ಳೆಯ ಮನುಷ್ಯ. ಎಮ್ಮೆಯ ಗೊರಸಿಗೆ ಮುಳ್ಳು ಚುಚ್ಚಿದರೆ ತನಗೇ ಚುಚ್ಚಿದ ಹಾಗೆ ಒದ್ದಾಡುವವನು. ಆದರೆ ಕೆಳನಾಡಿನ ನೀರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಜ್ವರ ಇರುವುದೇ ಇಲ್ಲಿನ ನೀರಿನಲ್ಲಿ ಎಂದು ಅವನ ಹಟ್ಟಿಯವರ ನಂಬಿಕೆ. ಮೇಲಿನ ಒರತೆಯ ನೀರನ್ನು ಬಿದಿರಿನ ಅಂಡೆಗಳಲ್ಲಿ ತುಂಬಿ ತರುತ್ತಿದ್ದ. ಅದು ಮುಗಿದರೆ ಮತ್ತೆ ಯಾರಾದರೂ ಇಳಿದು ಬರುವವರೆಗೆ ಒಣ ನಾಲಗೆ.

“ಜ್ವರ ಬರೋದು ಸೊಳ್ಳೆಯಿಂದ ಅಂತೆ ಕಣಪ್ಪ,” ಅಂದೆ ಒಂದು ಸಲ.

“ಅಕ್ಕ, ಸೊಳ್ಳೆ ಮೇಲೆ ನಮ್ಮ ಹಟ್ಟೀಲೂ ಅದೆ. ಈ ಪಾಟಿ ಜ್ವರ ಅಲ್ಲಿ ಯಾರಿಗದೆ?”

ನೀರು ಮುಟ್ಟದಿದ್ದರೂ ಅವನಿಗೆ ಜ್ವರ ಬಂದೇ ಬರುತ್ತಿತ್ತು. ಅಂಚೆ ಕಚೇರಿಯಲ್ಲಿ ಮಾರುತ್ತಿದ್ದ ಕ್ವಿನೈನ್ ಎಂಬ ಜ್ವರದ ಮದ್ದಿನ ಪೊಟ್ಟಣವನ್ನು ನಡುಗಿದ ದಿನ ನುಂಗುವನು, ಬಿಟ್ಟ ದಿನ ಸೂರಿಗೆ ಸಿಕ್ಕಿಸುವನು.

ಒಂದು ವರ್ಷ ಹೀಗೇ ಮಾಡುತ್ತಿರುವಾಗ ಅವನ ಉಚ್ಚೆ ಕಾಫಿ ಕಷಾಯದ ಹಾಗೆ ಕಪ್ಪಾಗಿ ಹೋಯಿತು. ಅಂಡೆಗಳು ಬರಿದಾಗಿದ್ದವು. ಅಡುಗೆಗೆಂದು ಜೊತೆಯಲ್ಲಿ ಇಳಿದಿದ್ದ ಹೆಂಡತಿ ಪೊನ್ನಮ್ಮ ಅತ್ತು ಕರೆದು ಸೋತಳು. ನಾನು ನೀರು ಕಾಯಿಸಿ, ಆರಿಸಿ ಒಯ್ದೆ.

“ಕಾಯ್ಸಿದ್ರೆ ನೀರಿನ ಊರು ಬದಲಾದದಾ, ಅಕ್ಕ?” ಅಂದು ಗೋಡೆಯ ಕಡೆ ತಿರುಗಿ ಮಲಗಿದ.

ಆಮೇಲೆ ಆ ಕಪ್ಪು ಉಚ್ಚೆಯೂ ನಿಂತಿತು. ರೋಗಿಗಳನ್ನು ನೋಡುತ್ತ ಊರೂರು ಸುತ್ತಿ ಬಂದಿದ್ದ ಡಾಕ್ಟರ್ ಧರ್ಮಲಿಂಗಂ ಅವರನ್ನು ನಾನೇ ಕರೆತಂದೆ. ಅವರು ಮುಖ ನೋಡಿದರು, ಕಾಲು ಒತ್ತಿ ನೋಡಿದರು, ಪೊನ್ನಮ್ಮನನ್ನು ಕೂರಿಸಿ ಹೇಳಿದರು:

“ನೋಡಮ್ಮ, ಮೂತ್ರಪಿಂಡದೊಳಗೆ ಕೂದಲಿಗಿಂತ ಸಣ್ಣ ಕೊಳವೆಗಳಿವೆ. ಅದರ ಒಳಗೋಡೆಗೆ ಜೀವಕಣ ಸಾಲಾಗಿ ಅಂಟಿಕೊಂಡಿರ್ತವೆ. ಜ್ವರದಲ್ಲಿ ರಕ್ತ ಒಡೆದು, ಅದರ ಬಣ್ಣ ಆ ಕೊಳವೆಗೆ ಇಳಿದದೆ. ಮೈಯಲ್ಲಿ ನೀರೇ ಇಲ್ಲ, ಅಲ್ಲಿಗೆ ರಕ್ತ ಓಡೋದು ಹೆಂಗೆ? ಕಣಗಳು ಹಸಿದು ಸಾಯ್ತವೆ, ಗೋಡೆ ಬಿಟ್ಟು ಉದುರ್ತವೆ. ಉದುರಿದ್ದೇ ಕೊಳವೆಗೆ ಬಿರಡೆ.”

“ಹಂಗಾರೆ ಈಗ ಕೊಡಗಟ್ಟಲೆ ಕುಡಿಸಾನ,” ಅಂದೆ.

“ಮೊದಲೇ ಕುಡಿಸಿದ್ರೆ ಆಗ್ತಿತ್ತು. ಈಗ ದಾರಿ ಮುಚ್ಚೋಗಿದೆ. ಹಾಕಿದ ನೀರು ಎದೆಗೆ ತುಂಬಿದ್ರೆ ಉಸಿರು ಕಟ್ತದೆ. ಬಾಯಿ ಒದ್ದೆಯಾಗೋಷ್ಟು ಮಾತ್ರ ಕೊಡಿ.”

“ಸತ್ತ ಕಣ ಮತ್ತೆ ಬರ್ತವಾ, ಸಾಮಿ?” ಪೊನ್ನಮ್ಮ ಕೇಳಿದಳು.

“ಉಳಿದಿರೋ ಕಣ ಹಬ್ಬಿ ಗೋಡೆ ಮುಚ್ಚಿಕೊಳ್ತವೆ. ಅಲ್ಲಿವರೆಗೆ ಇವನು ತಡೀಬೇಕು.”

ಅಂದಿನಿಂದ ಶುರುವಾಯಿತು ನೋಡಿ ಇವನ ಬಾಯಾರಿಕೆ. ಮುಖ ಊದಿ ಕಣ್ಣು ಮುಚ್ಚಿಹೋಗಿದೆ, ನೀರು ಕೊಡಿ ಅನ್ನುತ್ತಾನೆ. “ನಿಮ್ಮ ಹಳ್ಳದ್ದೇ ಆಗಲಿ, ಅಕ್ಕ.” ನನಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಪೊನ್ನಮ್ಮ ಕೊಡದ ಮುಂದೆ ಕಾವಲು ಕೂತಳು.

“ಕೊಟ್ಟಾಗ ಬೇಡ, ಕೊಡಬಾರದಾಗ ಕೊಡು. ಮದುವೆ ಆದಾಗಿಂದ ಇದೇ ಆಯ್ತು,” ಅಂದಳು. ಬೆರಳು ಅದ್ದಿ ಅವನ ತುಟಿ ಒರೆಸುತ್ತಲೇ ಅಂದಳು.

ಬಿಕ್ಕಳಿಕೆ ಹತ್ತಿತು, ಏನೇನೋ ಬಡಬಡಿಸತೊಡಗಿದ. ಅವನ ತಮ್ಮನಿಗೆ ಹೇಳಿಕಳಿಸಿದೆವು. ತಮ್ಮ ಗಾಡಿ ಕಟ್ಟಿಕೊಂಡು ಇಳಿದ ದಿನ ಬೆಳಿಗ್ಗೆ ಪೊನ್ನಮ್ಮ ನಮ್ಮ ಅಂಗಳಕ್ಕೆ ಬಂದು ನಿಂತಳು.

“ಬಂತು,” ಅಂದಳು.

ಉಚ್ಚೆ ಮೊದಲು ಬಂದದ್ದು ಬೊಗಸೆಯಷ್ಟು. ಆಮೇಲೆ ಕಟ್ಟೆ ಒಡೆದ ಹಾಗೆ ಹೋಗತೊಡಗಿತು. ಹೋದಷ್ಟೂ ಕುಡಿಸಿ ಎಂದು ಡಾಕ್ಟರು ಹೇಳಿಕಳಿಸಿದರು. ಹಾಲನ್ ಎಲ್ಲಿಯ ನೀರು ಎಂದು ಕೇಳದೆ ಚೊಂಬುಗಟ್ಟಲೆ ಕುಡಿದ. ಎದ್ದು ಕೂತ.

ಮೇಲಕ್ಕೆ ಹೊರಡುವಾಗ ಅವನನ್ನು ಹುಲ್ಲು ಹಾಸಿ ಗಾಡಿಯಲ್ಲಿ ಕೂರಿಸಿದೆವು. ಕಾಲಲ್ಲಿ ಇನ್ನೂ ಬಲ ಬಂದಿರಲಿಲ್ಲ.

“ನೋಡಿ ಅಕ್ಕ,” ಅಂದ, “ಇಲ್ಲಿ ನೀರು ಕುಡಿದೆ, ಕಾಲು ಹಿಂಗಾಯ್ತು.”

ನಾನು ಬಾಯಿ ತೆರೆಯುವ ಮೊದಲೇ ಪೊನ್ನಮ್ಮ ಅವನ ತಲೆಯ ಮೇಲೆ ಕಂಬಳಿ ಎಳೆದು, ಗಾಡಿ ಹೊಡಿ ಎಂದು ಮೈದುನನಿಗೆ ಹೇಳಿದಳು.