ಎಂಟೂವರೆಗೆ ಅಳೆದ ಮಳೆ

ಪ್ರಕೃತಿಯನ್ನು ಅಳೆಯಲು ಹೊರಟ ದಿನವೇ ಮನುಷ್ಯನ ನಾಗರಿಕತೆ ಆರಂಭವಾಯಿತು ಎಂಬುದು ನನ್ನ ದೃಢವಾದ ನಂಬಿಕೆ. ಈ ನಂಬಿಕೆ ನನಗೆ ಬಂದದ್ದು ಹೊಳೆನರಸೀಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ಮಳೆಮಾಪಕ ನೋಡಿಕೊಳ್ಳುವ ಕೆಲಸವನ್ನು ಮಿಕ್ಕ ನಾಲ್ಕು ಜನರೂ ಬೇಡವೆಂದು ನನ್ನ ತಲೆಗೆ ಕಟ್ಟಿದ ಮೇಲೆ.

ಮಳೆಮಾಪಕವೆಂದರೆ ಏನೇನೋ ಕಲ್ಪಿಸಿಕೊಳ್ಳಬಾರದು. ಕಚೇರಿಯ ಹಿಂದೆ, ಮುಳ್ಳುತಂತಿಯ ಬೇಲಿಯೊಳಗೆ, ಹಾಲಿನ ಕ್ಯಾನಿನಷ್ಟು ಎತ್ತರದ ಒಂದು ಡಬ್ಬಿ. ಬಾಯಿಗೆ ಆಲಿಕೆ, ಹೊಟ್ಟೆಯೊಳಗೆ ಬಾಟಲಿ. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ಎಷ್ಟು ಮಿಲಿಮೀಟರ್ ಎಂದು ನೋಡಿ, ಪುಸ್ತಕದಲ್ಲಿ ಬರೆದು, ಮೇಲಿನವರಿಗೆ ತಿಳಿಸಬೇಕು. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಗಿ ಭಾರತ ದೇಶದ ಹವಾಮಾನವಾಗುತ್ತಿತ್ತು. ಎಂಟೂವರೆ ಎಂದರೆ ಎಂಟೂವರೆ. ಅದೇ ಗಳಿಗೆಯಲ್ಲಿ ದೇಶದ ಎಲ್ಲಾ ಡಬ್ಬಿಗಳ ಮುಂದೆಯೂ ನನ್ನಂಥವನೊಬ್ಬ ಬಗ್ಗಿ ನಿಂತಿದ್ದಾನೆ ಎಂದು ನೆನೆದರೆ ನನಗೆ ರೋಮಾಂಚನವಾಗುತ್ತಿತ್ತು. ನನ್ನ ಹೆಂಡತಿಗೆ ಆಗುತ್ತಿರಲಿಲ್ಲ.

ಊರಿನವರಿಗೂ ಆಗುತ್ತಿರಲಿಲ್ಲ. ಕಚೇರಿಯ ಎದುರಿನ ಟೀ ಅಂಗಡಿಯವನು ದಿನಾ ಕೇಳುತ್ತಿದ್ದ, ಸಾ, ಇವತ್ತು ಬತ್ತದಾ ಅಂತ. ಬರುವ ಮಳೆ ಹೇಳುವವರು ಬೇರೆ, ನಾನು ಬಂದ ಮಳೆಯನ್ನು ಮಾತ್ರ ಹೇಳುವವನು ಎಂದು ವಿವರಿಸಿದರೆ, ಬಂದಿದ್ದು ನಮಗೇ ಗೊತ್ತಲ್ಲ ಸಾ, ಅದಕ್ಕೂ ಒಬ್ಬರನ್ನ ಇಟ್ಟವರಾ ಎಂದು ನಿಜವಾಗಿಯೂ ಕನಿಕರಪಟ್ಟ. ಬಂದ ಮಳೆಯನ್ನು ಹೇಳಲಿಕ್ಕೆ ಒಬ್ಬರು ಏಕೆ ಬೇಕು ಎಂಬುದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಿವೃತ್ತಿಯಾದ ಮೇಲೆ, ನಮ್ಮ ಮನೆಯ ಜಗಳವೊಂದರಲ್ಲಿ.

ಜಗಳ ನನ್ನ ಹೆಂಡತಿಯ ಕಡೆಯವರದು. ಅವಳ ಅಕ್ಕನನ್ನು ಕೊಟ್ಟಿರುವುದು ಚನ್ನರಾಯಪಟ್ಟಣಕ್ಕೆ. ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ತೆಂಗಿನಕಾಯಿ ವ್ಯಾಪಾರಿ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಸಂಗತಿ ಹೇಳಬಲ್ಲವರು. ಮನುಷ್ಯರನ್ನೂ ಹಾಗೇ ಅಲ್ಲಾಡಿಸಿ ನೋಡುವ ಅಭ್ಯಾಸ. ಅವಳ ಒಬ್ಬನೇ ತಮ್ಮ, ನನ್ನ ಬಾಮೈದ, ಅರಕಲಗೂಡಿನಲ್ಲಿ ಗೊಬ್ಬರದಂಗಡಿ ಇಟ್ಟುಕೊಂಡಿದ್ದಾನೆ. ಹೊಳೆನರಸೀಪುರ ಎರಡು ಊರಿಗೂ ನಡುವೆ ಇರುವುದರಿಂದ ಇಬ್ಬರ ದೂರುಗಳೂ ನಮ್ಮ ಮನೆಯಲ್ಲೇ ಬಸ್ ಬದಲಾಯಿಸುತ್ತಿದ್ದವು.

ಹತ್ತು ವರ್ಷದ ಹಿಂದೆ ಷಡ್ಡಕರು ಹೊಸ ಮನೆ ಕಟ್ಟಿಸಿದರು. ಶುಕ್ರವಾರ ಬೆಳಗಿನ ಜಾವ ಗೃಹಪ್ರವೇಶ. ಗುರುವಾರ ಸಂಜೆಗೇ ನೆಂಟರೆಲ್ಲ ಸೇರಬೇಕು. ನಾನೂ ಹೆಂಡತಿಯೂ ಮಧ್ಯಾಹ್ನವೇ ಹೋಗಿ ಕೂತೆವು. ಬಾಮೈದ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಆಮೇಲೆ ಅವನು ಹೇಳಿದ್ದು ಇಷ್ಟು: ಗುರುವಾರ ಸಂಜೆ ಹೊಳೆನರಸೀಪುರದವರೆಗೆ ಬಂದ, ಅಲ್ಲಿ ಆಲಿಕಲ್ಲು ಮಳೆ ಹಿಡಿಯಿತು, ಚನ್ನರಾಯಪಟ್ಟಣದ ರಸ್ತೆಗೆ ಹುಣಸೆಮರ ಅಡ್ಡಬಿದ್ದು ಬಸ್ಸು ನಿಂತವು, ಕರೆಂಟು ಹೋಯಿತು, ಫೋನು ಹೋಯಿತು. ಉಡುಗೊರೆಗೆಂದು ತಂದಿದ್ದ ಹಿತ್ತಾಳೆ ಕೊಳಗವನ್ನೇ ತಲೆಯ ಮೇಲೆ ಬೋರಲು ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಅಂಚಿನಲ್ಲಿ ನಿಂತಿದ್ದು, ಕೊನೆಯ ಬಸ್ಸಿಗೆ ಅರಕಲಗೂಡಿಗೆ ವಾಪಸು ಹೋದ. ಅವತ್ತು ತೊಯ್ದದ್ದಕ್ಕೆ ಹಿಡಿದ ಜ್ವರ ನಾಲ್ಕು ದಿನ ಬಿಡಲಿಲ್ಲ.

ಷಡ್ಡಕರು ನಂಬಲಿಲ್ಲ. ಚನ್ನರಾಯಪಟ್ಟಣದಲ್ಲಿ ಅಂದು ನಕ್ಷತ್ರ ಎಣಿಸಬಹುದಿತ್ತು. ಹೊಳೆನರಸೀಪುರದಲ್ಲಿ ಮಳೆ ಬಂದಿರಬಹುದು, ಆ ದಿನವಲ್ಲ ಎಂದರು. ಬಾಮೈದ ಸಾಕ್ಷಿಯಾಗಿ ಕೊಳಗದ ಮೇಲಿನ ತಗ್ಗುಗಳ ಫೋಟೋ ಕಳಿಸಿದ. ಕಡಿಮೆ ಬೆಲೆಗೆ ಸಿಕ್ಕಿದೆ ಎಂದು ತಗ್ಗು ಬಿದ್ದ ಕೊಳಗ ತಂದಿದ್ದಾನೆ ಎಂದು ಷಡ್ಡಕರು ತೀರ್ಪು ಕೊಟ್ಟರು. ಅಲ್ಲಿಗೆ ಮಾತು ನಿಂತಿತು. ಒಂಬತ್ತು ವರ್ಷ ಇವರ ಹೊಸಲು ಅವನು ತುಳಿಯಲಿಲ್ಲ, ಅವನ ಹೊಸಲು ಇವರು ತುಳಿಯಲಿಲ್ಲ.

ಹೊಳೆನರಸೀಪುರದ ಮಳೆಯನ್ನು ಅಳೆಯುವವನು ನಾನೇ ಆಗಿರುವಾಗ ನಾನೇಕೆ ಬಾಯಿ ಬಿಡಲಿಲ್ಲ ಎಂದು ಯಾರಾದರೂ ಕೇಳಬಹುದು. ಒಂದು ಸಲ ಬಿಟ್ಟೆ. ಬಾಮೈದನ ಪರ ವಕಾಲತ್ತೋ ಎಂದರು. ಮುಚ್ಚಿಕೊಂಡೆ. ಮುಚ್ಚಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಅದು ಗೌರವಸ್ಥರು ತಾವಾಗಿ ಹೇಳಿಕೊಳ್ಳುವಂಥದ್ದಲ್ಲವಾದ್ದರಿಂದ ಸ್ವಲ್ಪ ತಡವಾಗಿ ಹೇಳುತ್ತೇನೆ.

ಕಳೆದ ವರ್ಷ ಷಡ್ಡಕರ ಮಗಳಿಗೆ ಹಾಸನದ ಸಂಬಂಧ ಕುದುರಿತು. ಬೀಗರು ಚನ್ನರಾಯಪಟ್ಟಣಕ್ಕೆ ಬಂದು, ತಿಂಡಿ ಮುಗಿಸಿ, ಹುಡುಗಿಯ ಸೋದರಮಾವ ಎಲ್ಲಿ ಎಂದು ಕೇಳಿದರು. ನಮ್ಮ ಕಡೆ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಆ ಹುದ್ದೆಗೆ ಬದಲಿ ನೇಮಕವಿಲ್ಲ. ಚಿಕ್ಕಪ್ಪನಾದ ನಾನು ಪಕ್ಕದಲ್ಲಿ ನಿಂತು ಛತ್ರಿ ಹಿಡಿಯಬಹುದು, ಅಷ್ಟೆ. ಷಡ್ಡಕರು ಅವನಿಗೆ ಮೈ ಹುಷಾರಿಲ್ಲ ಎಂದರು. ಬೀಗರು ಹೋದ ಮೇಲೆ ಹುಡುಗಿಯ ತಾಯಿ, ನಮ್ಮ ಅತ್ತಿಗೆ, ಕಾಫಿ ಲೋಟಗಳನ್ನು ಒಂದರೊಳಗೊಂದು ಇಡುತ್ತಾ ಮೆತ್ತಗೆ ಹೇಳಿದರು: "ನನ್ನ ತಮ್ಮ ಬರದೇ ಇದ್ರೆ ನಾನೂ ಛತ್ರದ ಅಡುಗೆಮನೇಲೇ ಇರ್ತೀನಿ. ಧಾರೆಗೆ ನೀವೊಬ್ಬರೇ ಕೂತ್ಕಳಿ."

ಮೂವತ್ತು ವರ್ಷದ ಸಂಸಾರದಲ್ಲಿ ಅವರು ಹಾಕಿದ ಮೊದಲ ಷರತ್ತು ಅದು. ಷಡ್ಡಕರು ಬೆವರಿದರು. ಆದರೂ, ಅವನು ಸುಳ್ಳು ಹೇಳಿದ್ದು ಒಪ್ಪಿಕೊಳ್ಳಲಿ, ಕರೆಯುತ್ತೇನೆ ಎಂದರು. ಅರಕಲಗೂಡಿಗೆ ಫೋನ್ ಮಾಡಿದರೆ, ಮಳೆ ಬಂದದ್ದು ಅವರು ಒಪ್ಪಿಕೊಳ್ಳಲಿ, ಬರುತ್ತೇನೆ ಎಂದ ಬಾಮೈದ. ಇಬ್ಬರಿಗೂ ಬೇಕಾಗಿದ್ದದ್ದು ಒಂಬತ್ತು ವರ್ಷದ ಹಿಂದಿನ ಒಂದು ಸಂಜೆಯ ಆಕಾಶ.

ಆಗ ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದೆ. ದೇಶದ ಹವಾಮಾನ ಇಲಾಖೆ ಕೇವಲ ಚಂಡಮಾರುತಕ್ಕೆ ಕಾವಲು ಕೂರುವ ಸಂಸ್ಥೆಯಲ್ಲ. ಮೀನುಗಾರನಿಗೆ ಕಡಲಿಗಿಳಿಯಬೇಡ ಎನ್ನುತ್ತದೆ, ವಿಮಾನಕ್ಕೆ ಮಂಜಿದೆ ಎನ್ನುತ್ತದೆ, ರೈತನಿಗೆ ಇವತ್ತು ಔಷಧಿ ಹೊಡೆಯಬೇಡ ಎಂದು ಮೊಬೈಲಿಗೆ ಹೇಳುತ್ತದೆ. ಇದೆಲ್ಲದರ ಜೊತೆಗೆ, ಇಂಥಾ ಊರಿನಲ್ಲಿ ಇಂಥಾ ದಿನ ಎಷ್ಟು ಮಳೆ ಬಂತು ಎಂದು ಅರ್ಜಿ ಹಾಕಿ ಕೇಳಿದವರಿಗೆ, ಕೋರ್ಟಿಗೋ ವಿಮೆಗೋ ಬೇಕಾದೀತೆಂದು, ದಾಖಲೆ ತೆಗೆದು ಮೊಹರು ಹಾಕಿ ಕೊಡುತ್ತದೆ.

ಷಡ್ಡಕರ ಕಿವಿ ನೆಟ್ಟಗಾಯಿತು. "ಸೀಲ್ ಇರ್ತದಾ?"

"ಇರ್ತದೆ ಅಣ್ಣ."

"ಅಂಗಾರೆ ತರ್ಸಿ. ಸೀಲ್ ಇದ್ರೆ ನಾನು ಮಾತಾಡಕಿಲ್ಲ."

ಅರ್ಜಿಯಲ್ಲಿ ಉದ್ದೇಶ ಎಂಬ ಕಾಲಮ್ಮು ಇತ್ತು. ಬಹಳ ಹೊತ್ತು ಯೋಚಿಸಿ 'ವಿವಾದ ಇತ್ಯರ್ಥ' ಎಂದು ಬರೆದೆ. ನಾನು ತಿದ್ದಿದೆ ಎಂಬ ಅಪವಾದ ಬಾರದಿರಲೆಂದು ಉತ್ತರ ನೇರವಾಗಿ ಷಡ್ಡಕರ ವಿಳಾಸಕ್ಕೇ ಹೋಗುವಂತೆ ಕೊಟ್ಟೆ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ನಿಷ್ಪಕ್ಷಪಾತವಾದ ಕೆಲಸ ಅದು. ಅತಿ ದಡ್ಡತನದ್ದೂ ಅದೇ.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂತು. ಷಡ್ಡಕರು ಕಾಗದವನ್ನು ಆಗಲೇ ಲ್ಯಾಮಿನೇಟ್ ಮಾಡಿಸಿದ್ದರು. ಗುರುವಾರದ ತಾರೀಖಿನ ಮುಂದೆ 0.0 ಎಂದಿತ್ತು. ಅದರ ಸುತ್ತ ಕೆಂಪು ಶಾಯಿಯಲ್ಲಿ ಕಾಯಿಯಷ್ಟು ದೊಡ್ಡ ಸುತ್ತು. ಐದಾರು ನೆಂಟರು ಹೆಬ್ಬೆರಳು ಎತ್ತಿದರು. ಬಾಮೈದ ಗುಂಪು ಬಿಟ್ಟು ಹೋದ. ಹೋಗಿ ನನಗೆ ಫೋನ್ ಮಾಡಿದ.

"ಭಾವ, ಇಷ್ಟ್ ದಿವ್ಸ ನಾನು ದೊಡ್ಡಭಾವನ ಬಾಯಲ್ಲಿ ಸುಳ್ಳುಗಾರ ಆಗಿದ್ದೆ. ಈಗ ಸರ್ಕಾರದ ಬಾಯಲ್ಲೂ ಆದೆ. ಭಾರೀ ಉಪಕಾರ ಆಯ್ತು."

ನಾನು ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಶುಕ್ರವಾರದ ಮುಂದೆ 58.2 ಎಂದಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಸಿಕ್ಕ ಮೊದಲ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಹೊರಟೆ.

ಷಡ್ಡಕರು ನಡುಮನೆಯಲ್ಲಿ ಆ ಕಾಗದವನ್ನು ಕ್ಯಾಲೆಂಡರಿನ ಮೊಳೆಗೇ ನೇತುಹಾಕಿದ್ದರು. ನಾನು ಅದನ್ನು ಇಳಿಸಿ, ಕೆಳಗಿನ ಸಣ್ಣಕ್ಷರದ ಸಾಲಿನ ಮೇಲೆ ಬೆರಳಿಟ್ಟೆ. ಪ್ರತಿ ತಾರೀಖಿನ ಮುಂದಿರುವುದು ಆ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿದ ಇಪ್ಪತ್ತನಾಲ್ಕು ಗಂಟೆಯ ಮಳೆ. ಗುರುವಾರದ ಸೊನ್ನೆ ಎಂದರೆ ಬುಧವಾರ ಬೆಳಿಗ್ಗೆಯಿಂದ ಗುರುವಾರ ಬೆಳಿಗ್ಗೆವರೆಗಿನದು. ಗುರುವಾರ ಸಂಜೆ ಬಿದ್ದದ್ದನ್ನು ಶುಕ್ರವಾರ ಬೆಳಿಗ್ಗೆ ಅಳೆದು ಶುಕ್ರವಾರದ ಮುಂದೆ ಬರೆಯುತ್ತಾರೆ. ಇದೇ ಪದ್ಧತಿ. ದೇಶಕ್ಕೆಲ್ಲ ಇದೇ.

ಷಡ್ಡಕರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿದರು. "ಗುರುವಾರ ಬಿದ್ದಿದ್ದನ್ನ ಶುಕ್ರವಾರ ಅಂತ ಬರ್ಯದು ಯಾವ ನ್ಯಾಯಾರೀ? ನಾಳೆ ನೀವು ನನ್ನ ಮಗಳ ಮದ್ವೆ ಮಾರನೇ ದಿನ ನಡೀತು ಅಂತೀರಿ."

ನಾನು ಇಷ್ಟು ವರ್ಷ ಆ ಪುಸ್ತಕದಲ್ಲಿ ಬರೆದವನು, ಹೀಗೇಕೆ ಎಂದು ಯಾರನ್ನೂ ಕೇಳಿದವನಲ್ಲ. ಉತ್ತರ ಬಂದದ್ದು ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯಿಂದ.

"ತ್ವಾಟದಲ್ಲಿ ರಾತ್ರಿ ಕಾಯಿ ಬೀಳ್ತಾವಲ್ಲ, ಅವನ್ನ ಯಾವಾಗ ಆಯ್ತೀರಿ?"

"ಬೆಳಿಗ್ಗೆ."

"ಆಳು ಬಂದು ಇವತ್ತು ಇಷ್ಟು ಕಾಯಿ ಅಂತಾನೋ, ನಿನ್ನೆ ಇಷ್ಟು ಕಾಯಿ ಅಂತಾನೋ?"

ಇವತ್ತು ಅಂತಲೇ ಎಂದು ಷಡ್ಡಕರು ಒಪ್ಪಿದರು. ಕಾಯಿಯ ವಿಷಯದಲ್ಲಿ ಅವರು ಯಾವತ್ತೂ ಸುಳ್ಳು ಹೇಳಿದವರಲ್ಲ. ಆದರೆ ಸೋಲುವ ಮೊದಲು ವ್ಯಾಪಾರಿ ಇನ್ನೊಂದು ಸಲ ಕಾಯನ್ನು ಅಲ್ಲಾಡಿಸಿ ನೋಡುತ್ತಾನೆ. ಈ ಸಲ ಅವರು ಅಲ್ಲಾಡಿಸಿದ್ದು ನನ್ನನ್ನು.

"ಸರಿ. ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಅಳ್ದಿದ್ದು ಯಾರು? ನೀವು ಹಿಂದಿನ ದಿನ್ವೇ ನಮ್ಮನೇಗೆ ಬಂದಿದ್ರಲ್ಲ."

ಇಲ್ಲಿಗೆ ಬಂದೇ ಬರುತ್ತದೆಂದು ನಾನು ಒಂಬತ್ತು ವರ್ಷ ಹೆದರಿದ್ದೆ.

ಆ ಶುಕ್ರವಾರ ಪ್ರವೇಶದ ಶಾಸ್ತ್ರ ಮುಗಿದು ತಿಂಡಿಗೆ ಎಲೆ ಹಾಕುವ ಹೊತ್ತಿಗೆ ನನಗೆ ಡಬ್ಬಿಯ ನೆನಪಾಯಿತು. ಬೇರೆ ಯಾರಿಗೂ ಒಪ್ಪಿಸಿ ಬಂದಿರಲಿಲ್ಲ. ಹೊಸ ಮನೆಯ ಯಜಮಾನರ ಮುಂದೆ ನಿಂತು, ನಿಮ್ಮ ಮನೆಯ ಊಟಕ್ಕಿಂತ ನನಗೆ ಒಂದು ಡಬ್ಬಿ ನೀರು ಹೆಚ್ಚು ಎಂದು ಹೇಳುವ ಧೈರ್ಯ ಬರಲಿಲ್ಲ. ಹೊಟ್ಟೆನೋವು ಎಂದೆ. ಮುಖವನ್ನೂ ಹಿಂಡಿ ತೋರಿಸಿದೆ. ಅತ್ತಿಗೆ ಓಮಿನ ನೀರು ಕುಡಿಸಿದರು. ಹೆಂಡತಿಯನ್ನು ಅಲ್ಲೇ ಬಿಟ್ಟು ಏಳು ಗಂಟೆಯ ಬಸ್ಸು ಹಿಡಿದೆ. ದಾರಿಯಲ್ಲಿ ಹುಣಸೆಮರವನ್ನು ತುಂಡು ಮಾಡಿ ರಸ್ತೆಯ ಪಕ್ಕಕ್ಕೆ ಎಳೆಯುತ್ತಿದ್ದರು; ಬಸ್ಸು ಹೊಲಕ್ಕಿಳಿದು ಹತ್ತಿತು. ಎಂಟೂವರೆಗೆ ಎರಡು ನಿಮಿಷವಿದ್ದಾಗ ಬೇಲಿಯ ಬೀಗ ತೆಗೆದೆ. ಗಾಜಿನ ಲೋಟ ಎರಡು ಸಲ ತುಂಬಿ, ಮೂರನೆಯದೂ ಹೆಚ್ಚುಕಡಿಮೆ ತುಂಬಿತು. ಐವತ್ತೆಂಟು ಬಿಂದು ಎರಡು. ಮೊಹರು ಹಾಕಿ ಬಂದಿದ್ದದ್ದು ನಾನೇ ಬರೆದ ಅಂಕಿ.

ಇಷ್ಟನ್ನೂ ನಿಂತುಕೊಂಡೇ ಒಪ್ಪಿಸಿದೆ. ಷಡ್ಡಕರು ಬೆರಳು ಮಡಿಚಿ ಲೆಕ್ಕ ಹಾಕಿದರು.

"ಅಂದ್ರೆ ಮಳೆ ಅಂದವನು ನಿಜ ಹೇಳ್ದ. ಹೊಟ್ಟೆನೋವು ಅಂದ ನೀವು ಸುಳ್ಳು ಹೇಳಿದ್ರಿ."

"ಹೌದು ಅಣ್ಣ."

"ಅವನಿಗೆ ಒಂಬತ್ತು ವರ್ಷ ಈ ಮನೇಲಿ ನೀರಿಲ್ಲ. ನೀವು ಒಂಬತ್ತು ವರ್ಷ ಹಬ್ಬಹಬ್ಬಕ್ಕೂ ಬಂದು ಒಬ್ಬಟ್ಟು ತಿಂದ್ರಿ."

ಇದಕ್ಕೂ ಹೌದೆಂದೆ. ಒಳಗೆ ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡದ್ದು ಕಾಣಿಸಿತು. ಅಳುವೋ ನಗುವೋ ತಿಳಿಯಲಿಲ್ಲ, ನಗುವೇ ಇರಬೇಕು.

ಷಡ್ಡಕರು ಫೋನ್ ಎತ್ತಿ ಅರಕಲಗೂಡಿಗೆ ಮಾಡಿದರು. ಕ್ಷಮೆ ಎಂಬ ಪದ ಅವರ ವ್ಯಾಪಾರದಲ್ಲಿ ಬಳಕೆಯಲ್ಲಿಲ್ಲ. "ಮಳೆ ಬಂದಿತ್ತಂತೆ ಕಣ್ಲಾ. ಪೇಪರ್‌ನಾಗೆ ಐತೆ. ಬಂದು ನಿನ್ನ ಅಕ್ಕನ ಮಗಳ್ನ ಮಂಟಪಕ್ಕೆ ಕರ್ಕಂಡ್ ಓಗು" ಎಂದು ಹೇಳಿ, ಅವನ ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟರು. ನಂತರ ಲ್ಯಾಮಿನೇಟ್ ಕಾಗದದ ಮೇಲೆ ಕೆಂಪು ಶಾಯಿ ತಂದು ಶುಕ್ರವಾರಕ್ಕೂ ಒಂದು ಸುತ್ತು ಹಾಕಲು ನೋಡಿದರು. ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲಲಿಲ್ಲ.

ಮದುವೆಗೆ ಮೂರು ದಿನವಿರುವಾಗ ಹಾಸನ ಜಿಲ್ಲೆಗೆ ಗುಡುಗು ಸಹಿತ ಮಳೆ, ಯೆಲ್ಲೋ ಅಲರ್ಟ್ ಎಂದು ಎಲ್ಲರ ಮೊಬೈಲಿಗೂ ಬಂತು. ನಾನು ಎಂದಿನಂತೆ, ಬರುವ ಮಳೆ ನನ್ನ ವಿಭಾಗವಲ್ಲ ಎಂದೆ. ನಮ್ಮ ಹಳೆಯ ಕಚೇರಿಯಲ್ಲಿ ಈಗ ತಾನಾಗಿ ಅಳೆದು ತಾನಾಗಿ ಕಳಿಸುವ ಯಂತ್ರ ನಿಂತಿದೆಯಂತೆ. ಅದಕ್ಕೆ ಷಡ್ಡಕರಿಲ್ಲ, ಹೊಟ್ಟೆನೋವಿಲ್ಲ. ಅರಕಲಗೂಡಿನ ಬಾಮೈದ ಮಾತ್ರ ಆ ಸಂದೇಶವನ್ನು ಎರಡು ಸಲ ಓದಿದನಂತೆ. ಈ ಸಲವೂ ಮಳೆಗೆ ಸಿಕ್ಕಿಕೊಂಡರೆ ಯಾವ ಸೀಲೂ ತನ್ನನ್ನು ಉಳಿಸುವುದಿಲ್ಲ ಎಂದು ಹೆಂಡತಿಗೆ ಹೇಳಿ ಬಟ್ಟೆ ತುಂಬಿಕೊಂಡನಂತೆ.

ಅವನು ಹಾಸನದ ಛತ್ರಕ್ಕೆ ಎರಡು ದಿನ ಮೊದಲೇ ಬಂದ. ಅಡುಗೆಯವರು ಬಂದಿರಲಿಲ್ಲ, ಬಾಗಿಲಿಗೆ ಬೀಗ ಹಾಕಿತ್ತು. ತಗ್ಗು ಬಿದ್ದ ಕೊಳಗವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ ಎಂದು ಕಾವಲುಗಾರ ಆಮೇಲೆ ಹೇಳಿದ. ಮದುವೆಯ ಬೆಳಿಗ್ಗೆ ಷಡ್ಡಕರು ನನ್ನನ್ನು ಮೊದಲ ಪಂಕ್ತಿಯಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ನಾನು ಏಳು ಇಡ್ಲಿ ತಿನ್ನುವವರೆಗೂ ಎಲೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮುಹೂರ್ತಕ್ಕೆ ಸರಿಯಾಗಿ ಸೋದರಮಾವ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತಂದ. ಅತ್ತಿಗೆ ಅಡುಗೆಮನೆಯಿಂದ ಬಂದು ಧಾರೆಗೆ ಕೂತರು. ಅಂದು ಹಾಸನದಲ್ಲಿ ಮಳೆ ಬರಲಿಲ್ಲ.